ಓದುಗರ ಪ್ರಶ್ನೆಗೆ ಉತ್ತರ: ಹೊಸ ದೇಶದ ಮನೆಯಲ್ಲಿ ದಿನನಿತ್ಯದ ಕಿರಿಕಿರಿಗಳು

ಪ್ರಶ್ನೆ: ಅಳಿಯನಿಗೆ ಬ್ಲೂ ಕಾರ್ಡ್ (ನುರಿತ ಉದ್ಯೋಗಿಗಳಿಗೆ ಐರೋಪ್ಯ ಒಕ್ಕೂಟದ ದೇಶಗಳು ಕೊಡುವ ಕೆಲಸ ಮತ್ತು ವಾಸದ ಪರವಾನಗಿ) ಸಿಕ್ಕಿ ಮಗಳು, ಅಳಿಯ ಮತ್ತು ಮೂರು ವರ್ಷದ ಮೊಮ್ಮಗ ಕಳೆದ ಆಗಸ್ಟ್‌ನಲ್ಲಿ ಜರ್ಮನಿಯ ಮ್ಯೂನಿಕ್‌ಗೆ ಹೋಗಿ ನೆಲೆಸಿದ್ದಾರೆ. ಹಣಕ್ಕೆ ತೊಂದರೆಯಿಲ್ಲ. ಆದರೆ ಮಗಳು ಫೋನಿನಲ್ಲಿ ದಿನವೂ ಒಂದಲ್ಲ ಒಂದು ದೂರು ಹೇಳುತ್ತಾಳೆ. ಭಾನುವಾರ ಅಂಗಡಿ ತೆರೆಯುವುದಿಲ್ಲ, ಮಿಕ್ಸರ್ ಹಾಕಿದ್ದಕ್ಕೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿದರು, ಟಿವಿಯೇ ಇಲ್ಲದ ಮನೆಗೆ ಟಿವಿ ಶುಲ್ಕದ ಪತ್ರ ಬಂದಿದೆ, ಮಗು ಶಾಲೆಯ ಬಾಗಿಲಲ್ಲಿ ಅಳುತ್ತದೆ. ಅಳಿಯ ಇವೆಲ್ಲ ಚಿಲ್ಲರೆ ವಿಷಯ ಎನ್ನುತ್ತಾನೆ. ನಾನು ಹೊಂದಿಕೊಂಡು ಹೋಗಮ್ಮ ಎಂದರೆ ಅವಳು ಫೋನ್ ಇಟ್ಟುಬಿಡುತ್ತಾಳೆ. ಜನವರಿಯಲ್ಲಿ ನಾನೇ ಹೋಗಿ ಮೂರು ತಿಂಗಳು ಇದ್ದು ಬರಲೇ?
— ಒಬ್ಬ ತಾಯಿ, ಮುಲುಂಡ್, ಮುಂಬಯಿ

ಉತ್ತರ: ನಿಮ್ಮ ಮಗಳು ಹೇಳುತ್ತಿರುವುದು ಚಿಲ್ಲರೆ ವಿಷಯವಲ್ಲ. ಹಾಗೆಂದು ಅಳಿಯನವರ ಮನಸ್ಸು ಕೆಟ್ಟದ್ದೆಂದೂ ನಾನು ಭಾವಿಸುವುದಿಲ್ಲ. ಇಬ್ಬರೂ ಒಂದೇ ಮನೆಯಲ್ಲಿದ್ದರೂ ಅವರು ಕಾಣುತ್ತಿರುವ ಊರುಗಳು ಬೇರೆ ಬೇರೆ. ಬ್ಲೂ ಕಾರ್ಡ್ ಪಡೆದು ಹೋಗುವ ಎಂಜಿನಿಯರುಗಳ ಕಚೇರಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಊಟಕ್ಕೆ ಕ್ಯಾಂಟೀನು, ಮಾತಿಗೆ ಸಹೋದ್ಯೋಗಿಗಳು, ಸಂದೇಹ ಬಂದರೆ ಕೇಳಲು ಒಂದು ವಿಭಾಗವೇ ಇರುತ್ತದೆ. ಮನೆಗೆ ಬರುವ ಪತ್ರ, ಮಕ್ಕಳ ವೈದ್ಯರ ಸ್ವಾಗತಕಾರಿಣಿ, ಶಿಶುವಿಹಾರದ ಶಿಕ್ಷಕಿ, ಕಸದ ಡಬ್ಬಿಯ ಮೇಲಿನ ಚೀಟಿ ಇವೆಲ್ಲ ಜರ್ಮನ್ ಭಾಷೆಯಲ್ಲಿ ಬರುತ್ತವೆ, ಮತ್ತು ಹಗಲು ಮನೆಯಲ್ಲಿರುವವರ ಪಾಲಿಗೇ ಬರುತ್ತವೆ. ಬ್ಲೂ ಕಾರ್ಡ್ ಇರುವವರ ಸಂಗಾತಿ ವೀಸಾಕ್ಕೆ ಮುನ್ನ ಜರ್ಮನ್ ಪರೀಕ್ಷೆ ಬರೆಯಬೇಕಾಗಿಲ್ಲ. ಹೊರಡುವಾಗ ಅದು ದೊಡ್ಡ ಅನುಕೂಲವೆಂದು ಕಾಣುತ್ತದೆ. ಭಾಷೆ ಬಾರದೆ ಎಲ್ಲವನ್ನೂ ಎದುರಿಸಬೇಕಾದ ಮೊದಲ ಚಳಿಗಾಲದಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ಆ ಬೆಲೆಯನ್ನು ನಿಮ್ಮ ಮಗಳೊಬ್ಬಳೇ ತೆರುತ್ತಿದ್ದಾಳೆ.

ಅವಳ ದೂರುಗಳನ್ನು ಒಂದೊಂದಾಗಿ ನೋಡಿದರೆ ಪ್ರತಿಯೊಂದರ ಹಿಂದೆಯೂ ಆ ನಾಡಿನವರಿಗೆಲ್ಲ ಗೊತ್ತಿರುವ, ಆದರೆ ಹೊಸಬರಿಗೆ ಯಾರೂ ಹೇಳದ ಒಂದು ನಿಯಮವಿದೆ. ಭಾನುವಾರದ ವಿಶ್ರಾಂತಿಗೆ ಜರ್ಮನಿಯ ಸಂವಿಧಾನವೇ ರಕ್ಷಣೆ ಕೊಟ್ಟಿದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ವಾರದ ದಿನಗಳಲ್ಲೂ ಅಂಗಡಿಗಳು ಸಾಮಾನ್ಯವಾಗಿ ರಾತ್ರಿ 8ಕ್ಕೆ ಮುಚ್ಚುತ್ತವೆ. ರಾತ್ರಿ ಹತ್ತೂವರೆಗೆ ಕೆಳಗಿಳಿದು ಹಾಲು, ಕೊತ್ತಂಬರಿ ತರುತ್ತಿದ್ದ ಮುಲುಂಡಿನ ಹುಡುಗಿಗೆ ಇದು ಕಷ್ಟವೇ. ಶನಿವಾರ ಸಂಜೆಯ ಒಳಗೆ ವಾರದ ಸಾಮಾನು ಮನೆ ಸೇರುವಂತೆ ನೋಡಿಕೊಳ್ಳುವುದು ಅಳಿಯನವರ ಕೆಲಸವಾಗಲಿ. ಭಾನುವಾರ ತುರ್ತಾಗಿ ಏನಾದರೂ ಬೇಕಾದರೆ ಮುಖ್ಯ ರೈಲು ನಿಲ್ದಾಣದೊಳಗಿನ ಅಂಗಡಿಗಳು ತೆರೆದಿರುತ್ತವೆ.

ಮಿಕ್ಸರಿನ ವಿಷಯವೂ ಇಂಥದ್ದೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಗೂ ಭಾನುವಾರ ಇಡೀ ದಿನ ಸದ್ದಿನ ಕೆಲಸ ಮಾಡಬಾರದೆಂಬುದು ಅಲ್ಲಿನ ರೂಢಿ, ಹೆಚ್ಚಿನ ಕಟ್ಟಡಗಳಲ್ಲಿ ಅದು ಲಿಖಿತ ನಿಯಮವೂ ಹೌದು. ಬಾಗಿಲು ತಟ್ಟಿದವರು ನಿಮ್ಮ ಮಗಳನ್ನು ಅವಮಾನಿಸಲೆಂದೇ ಬಂದವರಾಗಿರಲಿಕ್ಕಿಲ್ಲ. ದೋಸೆಗೆ ಶನಿವಾರ ಹಗಲಿನಲ್ಲೇ ರುಬ್ಬಿಟ್ಟುಕೊಳ್ಳಲಿ. ಚಳಿಗೆ ಹಿಟ್ಟು ಹುದುಗದಿದ್ದರೆ ಓವನ್ನಿನ ದೀಪ ಮಾತ್ರ ಹಚ್ಚಿ ಅದರೊಳಗೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಉಬ್ಬುತ್ತದೆ.

ಟಿವಿ ಶುಲ್ಕದ ಪತ್ರವನ್ನು ಮಾತ್ರ ಯಾವ ಕಾರಣಕ್ಕೂ ಕಡೆಗಣಿಸಬಾರದು. ಅದು ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಬಿಡಲಿ, ಪ್ರತಿ ಮನೆಗೂ ಅನ್ವಯಿಸುತ್ತದೆ. ಹೊಸ ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕೆಂಬ ಕಾನೂನಿದೆಯಲ್ಲ, ಆ ನೋಂದಣಿಯ ಮಾಹಿತಿಯಿಂದಲೇ ಪತ್ರ ಹೊರಡುತ್ತದೆ. ಒಂದು ಮನೆಯಿಂದ ಒಬ್ಬರು ಕಟ್ಟಿದರೆ ಸಾಕು. ಗಂಡ ಹೆಂಡತಿ ಇಬ್ಬರ ಹೆಸರಿಗೂ ಪತ್ರ ಬಂದಿದ್ದರೆ, ಒಬ್ಬರು ಕಟ್ಟುತ್ತಿರುವುದನ್ನು ತಿಳಿಸಿ ಇನ್ನೊಂದನ್ನು ರದ್ದು ಮಾಡಿಸಬೇಕು. ಜರ್ಮನಿಯಲ್ಲಿ ಸರ್ಕಾರ, ವಿಮೆ, ಮನೆ ಮಾಲೀಕರು ಎಲ್ಲರೂ ಇಂದಿಗೂ ಕಾಗದದಲ್ಲೇ ಬರೆಯುತ್ತಾರೆ, ಮತ್ತು ಆ ಕಾಗದಗಳಲ್ಲಿ ಗಡುವುಗಳಿರುತ್ತವೆ. ಆದ್ದರಿಂದ ವಾರದಲ್ಲಿ ಒಂದು ಸಂಜೆ ಅಳಿಯನವರು ಮಗಳೊಂದಿಗೆ ಕುಳಿತು, ಬಂದ ಪತ್ರಗಳನ್ನೆಲ್ಲ ಓದಿ, ಉತ್ತರ ಬರೆದು, ಕಡತಕ್ಕೆ ಸೇರಿಸಿಡಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಇದೊಂದರಿಂದಲೇ ಆ ಮನೆಯ ಅರ್ಧ ಜಗಳ ಕಡಿಮೆಯಾದೀತು.

ಮಗುವಿನ ಅಳು ಇವೆಲ್ಲಕ್ಕಿಂತ ದೊಡ್ಡದು. ಅಲ್ಲಿನ ಶಿಶುವಿಹಾರಗಳಲ್ಲಿ ಮಗುವನ್ನು ಮೊದಲ ದಿನವೇ ಬಿಟ್ಟುಬರುವ ಪದ್ಧತಿಯಿಲ್ಲ. ಕೆಲವು ದಿನ ತಾಯಿ ಅಥವಾ ತಂದೆ ಕೋಣೆಯೊಳಗೇ ಕುಳಿತಿರಬೇಕು, ಆಮೇಲೆ ಕೆಲವು ನಿಮಿಷ ಹೊರಗೆ ಹೋಗಿ ಬರಬೇಕು, ಆ ಅವಧಿಯನ್ನು ನಿಧಾನವಾಗಿ ಹೆಚ್ಚಿಸಬೇಕು. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ನಡುವೆ ನೆಗಡಿ ಜ್ವರ ಬಂದು ಮಗು ಒಂದು ವಾರ ಮನೆಯಲ್ಲಿ ಉಳಿದರೆ ಮತ್ತೆ ಮೊದಲಿನಿಂದ ಶುರು ಮಾಡಿದಂತಾಗುತ್ತದೆ, ಮತ್ತು ಹತ್ತು ಮಕ್ಕಳ ನಡುವೆ ಮೊದಲ ಚಳಿಗಾಲ ಕಳೆಯುವ ಮಗುವಿಗೆ ನೆಗಡಿ ಬಿಡುವುದೇ ಇಲ್ಲ. ನಿಮ್ಮ ಮೊಮ್ಮಗನಿಗೆ ಹಸಿವು, ನೀರು, ಮೂತ್ರ ಎಂದು ಹೇಳಲೂ ಅಲ್ಲಿ ಮಾತಿಲ್ಲ. ಅಂಥ ನಾಲ್ಕಾರು ಜರ್ಮನ್ ಪದಗಳನ್ನು ಅಪ್ಪ ಅಮ್ಮ ಮನೆಯಲ್ಲಿ ಕಲಿಸಲಿ. ಅವನು ಕನ್ನಡದಲ್ಲಿ ಈ ಅಗತ್ಯಗಳಿಗೆ ಬಳಸುವ ಮಾತುಗಳನ್ನು ಒಂದು ಹಾಳೆಯ ಮೇಲೆ ಉಚ್ಚಾರದಂತೆಯೇ ರೋಮನ್ ಅಕ್ಷರದಲ್ಲಿ ಬರೆದು ಶಿಕ್ಷಕಿಗೆ ಕೊಡಲಿ. ಮನೆಯಲ್ಲಿ ಕನ್ನಡ ಬಿಟ್ಟು ಮುರುಕು ಜರ್ಮನ್ ಅಥವಾ ಇಂಗ್ಲಿಷ್ ಆಡುವ ಅಗತ್ಯ ಖಂಡಿತ ಇಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ಮುಂಬಯಿ ಕನ್ನಡಿಗರಾದ ನಮಗೆ ಇದನ್ನು ಯಾರೂ ಪ್ರಮಾಣ ಮಾಡಿ ಹೇಳಬೇಕಾಗಿಲ್ಲ. ಮಗುವಿಗೆ ರಾತ್ರಿ ಜ್ವರ ಏರಿದರೆ ವೈದ್ಯರ ಸಲಹೆಗೆ 116117, ಪ್ರಾಣಾಪಾಯವಿದ್ದರೆ 112 ಎಂಬ ಎರಡು ಸಂಖ್ಯೆಗಳು ಫ್ರಿಜ್ಜಿನ ಬಾಗಿಲ ಮೇಲಿರಲಿ.

ಉಡುಪಿ, ಕುಂದಾಪುರ, ಧಾರವಾಡದ ಕಡೆಗಳಿಂದ ಮದುವೆಯಾಗಿ ಈ ಊರಿಗೆ ಬಂದ ನಮ್ಮ ಹಿಂದಿನ ತಲೆಮಾರಿನ ಹೆಣ್ಣುಮಕ್ಕಳು ಮರಾಠಿಯ ಒಂದಕ್ಷರ ಗೊತ್ತಿಲ್ಲದೆ ಬಂದಿದ್ದರು. ಅವರಿಗೆ ನಲ್ಲಿ ನೀರು ಬರುವ ಹೊತ್ತು, ರೇಷನ್ ಅಂಗಡಿಯ ಸಾಲು, ಲೋಕಲ್ ರೈಲು ಹತ್ತಿ ಇಳಿಯುವ ರೀತಿ ಎಲ್ಲವನ್ನೂ ಕಲಿಸಿದವರು ಚಾಳಿನ ಪಡಸಾಲೆಯ ನೆರೆಯವರು. ಬಾಗಿಲುಗಳು ಹಗಲೆಲ್ಲ ತೆರೆದಿರುತ್ತಿದ್ದ ಕಾರಣ, ಕೇಳದೆಯೇ ಹೇಳುವವರಿದ್ದರು. ಮ್ಯೂನಿಕ್‌ನ ಕಟ್ಟಡದಲ್ಲಿ ಬಾಗಿಲುಗಳು ಮುಚ್ಚಿರುತ್ತವೆ. ಕೇಳಿದರೆ ಜನ ಪ್ರೀತಿಯಿಂದಲೇ ಹೇಳುತ್ತಾರೆ, ಕೇಳದೆ ಹೇಳುವುದನ್ನು ಅತಿಯಾದ ಸಲಿಗೆ ಎಂದು ಭಾವಿಸುತ್ತಾರೆ. ಹಾಗಾಗಿ ಹೊಂದಿಕೊಂಡು ಹೋಗು ಎಂಬ ನಿಮ್ಮ ಮಾತು ಮಗಳನ್ನು ನೋಯಿಸುತ್ತಿದೆ. ಅವಳಿಗೆ ಹೊಂದಿಕೊಳ್ಳುವ ಮನಸ್ಸಿದೆ, ಯಾವುದಕ್ಕೆ ಹೊಂದಿಕೊಳ್ಳಬೇಕೆಂದು ಹೇಳಿಕೊಡುವವರಿಲ್ಲ. ಕೆಳಗಿನ ಮನೆಯವರು ಬಂದಾಗ ಏನೆಂದರು, ನೀನು ಏನೆಂದೆ ಎಂದು ಪೂರ್ತಿ ಕೇಳಿಸಿಕೊಳ್ಳಿ. ಸಲಹೆ ಆಮೇಲೆ ಇರಲಿ.

ಮಗಳು ಜರ್ಮನ್ ಕಲಿಯುವುದು ಈ ಎಲ್ಲಕ್ಕೂ ಮದ್ದು. ಹೊಸದಾಗಿ ಬಂದವರಿಗಾಗಿ ಅಲ್ಲಿನ ಸರ್ಕಾರ ನಡೆಸುವ ಏಕೀಕರಣ ತರಗತಿಯಲ್ಲಿ ಸಾಮಾನ್ಯವಾಗಿ 600 ಪಾಠಗಳಷ್ಟು ಭಾಷೆ, 100 ಪಾಠಗಳಷ್ಟು ನಾಡಿನ ಕಾನೂನು ಮತ್ತು ಜೀವನದ ಪರಿಚಯ ಇರುತ್ತದೆ. ನಗರಗಳ ಜನಶಿಕ್ಷಣ ಕೇಂದ್ರಗಳಲ್ಲಿ ಸಂಜೆಯ ತರಗತಿಗಳೂ ಸಿಗುತ್ತವೆ. ಆ ಹೊತ್ತಿನಲ್ಲಿ ಮಗು ಯಾರ ಬಳಿ ಇರಬೇಕೆಂಬುದನ್ನು ಗಂಡ ಹೆಂಡತಿ ಮೊದಲೇ ನಿರ್ಧರಿಸಬೇಕು, ಮತ್ತು ಅದು ಅಳಿಯನವರ ಬಳಿ ಎಂದಾಗಬೇಕು. ಅವಳಿಗೆ ಅಲ್ಲಿ ಉದ್ಯೋಗ ಮಾಡಲು ಕಾನೂನಿನ ಅಡ್ಡಿಯಿಲ್ಲ ಎಂಬುದನ್ನೂ ನೆನಪಿಡಿ.

ಇನ್ನು ನಿಮ್ಮ ಪ್ರಯಾಣ. ಜನವರಿಯಲ್ಲಿ ಹೋಗಬೇಡಿ ಎಂಬುದು ನನ್ನ ಸಲಹೆ. ಡಿಸೆಂಬರ್ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಬೆಳಗಾಗುವುದೇ ಎಂಟರ ಸುಮಾರಿಗೆ, ಸಂಜೆ ನಾಲ್ಕೂವರೆ ಐದರೊಳಗೆ ಕತ್ತಲು. ಹಿಮದ ಹಾದಿಯಲ್ಲಿ ನಡೆಯಲು ಅಂಜಿ ನೀವು ಮನೆಯೊಳಗೇ ಉಳಿಯುತ್ತೀರಿ, ಅಜ್ಜಿ ಮನೆಯಲ್ಲಿದ್ದಾಳೆಂದು ಮಗು ಶಿಶುವಿಹಾರಕ್ಕೆ ಹೋಗಲು ಇನ್ನಷ್ಟು ಹಟ ಮಾಡುತ್ತದೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ, ಸಂಜೆಗಳು ಬೆಳಗುತ್ತವೆ. ಏಪ್ರಿಲ್ ಮೇ ನಿಮಗೆ ಒಳ್ಳೆಯ ಕಾಲ. ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದಾಗಿ ಸಿಗುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯೊಳಗೆ 90 ದಿನ ಮಾತ್ರ ಇರಬಹುದು, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ತುಪ್ಪ, ಪೇಡೆ ಕಟ್ಟಿಕೊಳ್ಳಬೇಡಿ. ಹೊರದೇಶಗಳಿಂದ ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಒಯ್ಯುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಸಾರಿನಪುಡಿ, ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ.

ಪ್ರಶ್ನೆ: ಮಗನ ಸಂಸಾರ ಈ ವರ್ಷ ಜೂನ್‌ನಲ್ಲಿ ಮೆಲ್ಬರ್ನ್‌ಗೆ ಹೋಯಿತು. ನಾನು ದಿನವೂ ಮಧ್ಯಾಹ್ನ ಎರಡಕ್ಕೆ ವೀಡಿಯೊ ಕರೆ ಮಾಡುತ್ತೇನೆ. ಆರು ವರ್ಷದ ಮೊಮ್ಮಗಳು ಮೊದಲು ಬಾಯ್ತುಂಬ ಮಾತನಾಡುತ್ತಿದ್ದಳು. ಅಕ್ಟೋಬರ್‌ನಿಂದ ಸಿಡಿಮಿಡಿ; ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಎದ್ದುಹೋಗುತ್ತಾಳೆ, ಸೊಸೆಯೂ ಬೇಗ ಫೋನ್ ಇಡುತ್ತಾಳೆ. ಮೇ ರಜೆಗೆ ಬರುವಿರಾ ಎಂದರೆ ಮಗ ರೇಗುತ್ತಾನೆ. ಅವರು ನಮ್ಮಿಂದ ದೂರವಾಗುತ್ತಿದ್ದಾರೆಯೇ?
— ಒಬ್ಬ ಅಜ್ಜ, ಕೋಥ್ರೂಡ್, ಪುಣೆ

ಉತ್ತರ: ದೂರವಾಗಿಲ್ಲ, ಅಲ್ಲಿನ ಗಡಿಯಾರ ಬದಲಾಗಿದೆ. ಅಕ್ಟೋಬರ್ ಮೊದಲ ಭಾನುವಾರ ಮೆಲ್ಬರ್ನ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ. ಅದಕ್ಕೆ ಮುನ್ನ ನಿಮ್ಮ ಎರಡು ಗಂಟೆ ಅವರಿಗೆ ಸಂಜೆ ಆರೂವರೆ, ಈಗ ಏಳೂವರೆ. ಬೆಳಿಗ್ಗೆ ಬೇಗ ಶಾಲೆಗೆ ಹೊರಡಬೇಕಾದ ಆರು ವರ್ಷದ ಮಗುವಿಗೆ ಅದು ಮಲಗುವ ಹೊತ್ತು. ಸೊಸೆಗೆ ಮಗುವಿಗೆ ಉಣಿಸಿ, ಮರುದಿನದ ಡಬ್ಬಿಗೆ ಅಣಿಮಾಡುವ ಹೊತ್ತು. ನೀವು ಹನ್ನೆರಡೂವರೆಗೆ ಕರೆ ಮಾಡಿದರೆ ಅಲ್ಲಿ ಸಂಜೆ ಆರು. ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಬಂದಾಗ ನೀವೂ ಒಂದು ಗಂಟೆ ತಡ ಮಾಡಿ. ದಿನವೂ ಬೇಡ, ವಾರಕ್ಕೆ ಮೂರು ದಿನ ಸಾಕು ಎಂದು ನನಗನ್ನಿಸುತ್ತದೆ. ಆಯಾಸದಲ್ಲಿ ಕಡ್ಡಾಯವಾಗಿ ಕುಳಿತ ಮಗು ಕರೆಯನ್ನೇ ದ್ವೇಷಿಸಲು ತೊಡಗುತ್ತದೆ.

ಇಂಗ್ಲಿಷ್ ಉತ್ತರಕ್ಕೆ ನೊಂದುಕೊಳ್ಳಬೇಡಿ. ಇಡೀ ದಿನ ಹೊಸ ಉಚ್ಚಾರದ ಇಂಗ್ಲಿಷನ್ನು ಅರ್ಥಮಾಡಿಕೊಂಡು ದಣಿದು ಬಂದವಳಿಗೆ, ಏನು ಊಟ ಮಾಡಿದೆ, ಶಾಲೆಯಲ್ಲಿ ಏನು ಕಲಿತೆ, ಕನ್ನಡದಲ್ಲಿ ಹೇಳು ಎಂಬ ಪ್ರಶ್ನೆಗಳು ಇನ್ನೊಂದು ಪರೀಕ್ಷೆಯಾಗಿಬಿಡುತ್ತವೆ. ಅವಳೊಂದಿಗೆ ಆಡಿ. ಎರಡೂ ಮನೆಗಳಲ್ಲಿ ಒಂದೊಂದು ಹಾಳೆಯ ಮೇಲೆ ಚೌಕಾಬಾರದ ಮಣೆ ಬರೆದುಕೊಂಡು, ಕವಡೆಯನ್ನು ಇಲ್ಲಿ ನೀವು ಬಿಡಿ, ಕಾಯಿಯನ್ನು ಅಲ್ಲಿ ಅವಳು ನಡೆಸಲಿ. ಒಂದು, ಎರಡು, ಚೌಕ, ಬಾರ ಎಂದು ಎಣಿಸುವಾಗ ಕನ್ನಡ ತಾನಾಗಿ ಬರುತ್ತದೆ, ಕಾಯಿ ಕಡಿದಾಗ ಜಗಳವೂ ಕನ್ನಡದಲ್ಲೇ ನಡೆಯುತ್ತದೆ.

ಮೇ ತಿಂಗಳ ವಿಷಯ: ಆಸ್ಟ್ರೇಲಿಯಾದಲ್ಲಿ ಶಾಲೆಯ ವರ್ಷ ಜನವರಿ ಕೊನೆಯ ಸುಮಾರಿಗೆ ಆರಂಭವಾಗಿ ಡಿಸೆಂಬರ್‌ನಲ್ಲಿ ಮುಗಿಯುತ್ತದೆ. ಮೇ ಅವರಿಗೆ ಪಾಠ ನಡೆಯುವ ತಿಂಗಳು, ದೀರ್ಘ ರಜೆ ಬರುವುದು ಡಿಸೆಂಬರ್ ಜನವರಿಯಲ್ಲಿ. ಪ್ರತಿ ಬಾರಿ ಇಲ್ಲವೆನ್ನಬೇಕಾದ ಸಂಕಟ ನಿಮ್ಮ ಮಗನ ಸಿಟ್ಟಿನ ಹಿಂದೆ ಇರಬಹುದು. ಸಂಕ್ರಾಂತಿಗೆ ಬನ್ನಿ ಎಂದು ಕರೆಯಿರಿ.

ಪ್ರಶ್ನೆ: ಪತಿ ದುಬೈನಲ್ಲಿ ಕೆಲಸಕ್ಕೆ ಸೇರಿದ್ದಾರೆ. ಮುಂದಿನ ತಿಂಗಳು ಮಕ್ಕಳೊಂದಿಗೆ ನಾನೂ ಹೊರಡಬೇಕು. ನಮ್ಮ ಮದುವೆ ಗದಗಿನಲ್ಲಿ ಆಗಿ ಅಲ್ಲೇ ನೋಂದಣಿಯಾಗಿದೆ. ಅತ್ತೆಯವರು ಪಾಯಸಕ್ಕೆಂದು ಗಸಗಸೆ ಕಟ್ಟಿಡುತ್ತಿದ್ದಾರೆ, ದಿನವೂ ವಾಟ್ಸ್ಆ್ಯಪ್‌ನಲ್ಲಿ ಮುಖ ತೋರಿಸಬೇಕೆಂದೂ ಹೇಳಿದ್ದಾರೆ. ಏನೇನು ಎಚ್ಚರ ವಹಿಸಬೇಕು?
— ಒಬ್ಬ ಗೃಹಿಣಿ, ವಾಸ್ಕೊ, ಗೋವಾ

ಉತ್ತರ: ಗಸಗಸೆಯನ್ನು ಒಂದು ಚಮಚದಷ್ಟೂ ಒಯ್ಯಬೇಡಿ. ಅಫೀಮು ಬರುವ ಗಿಡದ ಬೀಜವಾದ್ದರಿಂದ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಅದು ನಿಷಿದ್ಧ. ಗಸಗಸೆ ಬೆರೆತ ಮಸಾಲೆಪುಡಿಯೂ ಬೇಡ, ಬಟ್ಟೆಯ ಗಂಟಿನ ಮಡಿಕೆಯಲ್ಲಿ ಹಳೆಯ ಕಾಳು ಉಳಿದಿಲ್ಲವೆಂದು ಒಮ್ಮೆ ಕೊಡವಿ ನೋಡಿ. ಇದನ್ನು ಅತ್ತೆಯವರಿಗೆ ಪತಿಯಿಂದಲೇ ಹೇಳಿಸಿ. ಕೊಡೀನ್, ಟ್ರಾಮಡಾಲ್ ಇರುವ ಔಷಧಗಳಿಗೆ ಅಲ್ಲಿನ ಸರ್ಕಾರದ ಅನುಮತಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ಪಡೆಯಬೇಕು. ಉಳಿದ ಮಾತ್ರೆಗಳಿಗೂ ವೈದ್ಯರ ಚೀಟಿ ಜೊತೆಯಲ್ಲಿರಲಿ.

ಕಾಗದದ ಕೆಲಸವನ್ನು ಈ ವಾರವೇ ಆರಂಭಿಸಿ. ಕುಟುಂಬದ ವೀಸಾಕ್ಕೆ ವಿವಾಹ ಪ್ರಮಾಣಪತ್ರ ದೃಢೀಕರಣವಾಗಿರಬೇಕು: ಮೊದಲು ರಾಜ್ಯ ಸರ್ಕಾರ, ನಂತರ ವಿದೇಶಾಂಗ ಸಚಿವಾಲಯ, ಆಮೇಲೆ ಎಮಿರೇಟ್ಸ್‌ನ ರಾಯಭಾರ ಕಚೇರಿ. ರಾಜ್ಯದ ಹಂತ ನಡೆಯುವುದು ಪ್ರಮಾಣಪತ್ರ ಕೊಟ್ಟ ರಾಜ್ಯದಲ್ಲಿ. ಆದ್ದರಿಂದ ನಿಮ್ಮದು ಕರ್ನಾಟಕದಲ್ಲಿ ಆಗಬೇಕು, ಪಣಜಿಯಲ್ಲಿ ಅಲೆದು ದಿನ ಕಳೆಯಬೇಡಿ. ಮಕ್ಕಳು ಗೋವಾದಲ್ಲಿ ಹುಟ್ಟಿದ್ದರೆ ಅವರ ಜನನ ಪತ್ರದ ಕೆಲಸ ಮಾತ್ರ ಗೋವಾದಲ್ಲಿ.

ವಾಟ್ಸ್ಆ್ಯಪ್‌ನಲ್ಲಿ ಅಲ್ಲಿಂದ ಸಂದೇಶ, ಚಿತ್ರ ಕಳಿಸಬಹುದು. ಧ್ವನಿ ಮತ್ತು ವೀಡಿಯೊ ಕರೆಗಳಿಗೆ ಸಾಮಾನ್ಯವಾಗಿ ನಿರ್ಬಂಧವಿದೆ. ಅನುಮತಿ ಪಡೆದ ಬೊಟಿಮ್‌ನಂತಹ ಆ್ಯಪ್‌ಗಳನ್ನು ಬಳಸಬೇಕು. ಅದನ್ನು ಅತ್ತೆಯವರ ಫೋನಿಗೆ ನೀವು ಹೊರಡುವ ಮುನ್ನವೇ ಹಾಕಿಸಿ, ಪತಿ ಅಲ್ಲಿಂದ, ಅವರು ಇಲ್ಲಿಂದ ಕೆಲವು ದಿನ ಮಾತನಾಡಿ ಅಭ್ಯಾಸ ಮಾಡಿಕೊಳ್ಳಲಿ. ಶುಕ್ರವಾರ ಅಲ್ಲಿ ಶಾಲೆಗಳು ಮಧ್ಯಾಹ್ನದೊಳಗೆ ಮುಗಿಯುತ್ತವೆ. ನಿಮ್ಮ ಗಡಿಯಾರಗಳ ನಡುವೆ ಒಂದೂವರೆ ಗಂಟೆಯ ಅಂತರ ಮಾತ್ರವಿರುವುದರಿಂದ ಶುಕ್ರವಾರ ಸಂಜೆ ಇಲ್ಲಿಯ ಐದು ಗಂಟೆ ಮಕ್ಕಳಿಗೂ ಅಜ್ಜಿಗೂ ಅನುಕೂಲವಾದ ಹೊತ್ತು.