ಕ್ಲಾಸಿಗೆ ಜನ ಬರ್ತಿಲ್ಲ, ಏನು ಮಾಡೋಣ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಯುವಕ ಸಂಘದಿಂದ ಅಡಿಕೆ ತೋಟದ ಕೆಲಸದವರಿಗೆ ತರಬೇತಿ ಇಟ್ಟಿದ್ದೆವು. ಸಭಾಭವನ, ಮೈಕು, ಅಧಿಕಾರಿಗಳ ಭಾಷಣ, ಅವಲಕ್ಕಿ-ಚಹಾ ಎಲ್ಲ ಇತ್ತು. ಎರಡನೇ ಸಲ ಕರೆದಾಗ ತೋಟದ ಯಜಮಾನರಷ್ಟೇ ಬಂದರು. ಮರ ಏರಿ ಅಡಿಕೆ ಕೊನೆ ಇಳಿಸುವ ಕೊನೆಗೌಡರು ಒಬ್ಬರೂ ಇಲ್ಲ. ಎಲ್ಲಿ ತಪ್ಪಿದೆವು?

ಉತ್ತರ: ಭಾಷಣ ಚೆನ್ನಾಗಿಯೇ ಇದ್ದಿರಬಹುದು. ಆದರೆ ದಿನಗೂಲಿಯವರು ಅದನ್ನು ಕೇಳಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಅವಲಕ್ಕಿ ತಿಂದು ಮನೆಗೆ ಹೋದರೆ ಸಂಜೆ ಸಾಮಾನಿಗೆ ದುಡ್ಡು ಎಲ್ಲಿಂದ ಬರಬೇಕು? ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ತರಬೇತಿಗೆ ಬಂದ ಕುಶಲಕರ್ಮಿಗೆ ದಿನಕ್ಕೆ 500 ರೂಪಾಯಿ ಕೊಡುತ್ತಾರೆ. ಸರ್ಕಾರಕ್ಕೇ ಅರ್ಥವಾದ ಲೆಕ್ಕ ಇದು. ನಿಮ್ಮ ಸಂಘಕ್ಕೆ ಅಷ್ಟು ಕೊಡಲು ಆಗದಿದ್ದರೆ ಕೂಲಿ ತಪ್ಪದ ಹಾಗೆ ಕ್ಲಾಸು ಇಡಿ. ಅಂದರೆ ಕೆಲಸ ನಡೆಯುವ ಜಾಗದಲ್ಲಿ, ಕೆಲಸ ನಡೆಯುವ ದಿನವೇ.

ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆ ರೋಗದ ಔಷಧಿಯ ಕ್ಲಾಸನ್ನೇ ತೆಗೆದುಕೊಳ್ಳಿ. ಅದನ್ನು ಜನವರಿಯಲ್ಲಿ ಸಭಾಭವನದಲ್ಲಿ ಇಟ್ಟರೆ ಜೂನ್ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಮಳೆ ಹಿಡಿಯುವ ಮುಂಚೆ, ಮೊದಲ ಸಿಂಪಡಣೆ ಮಾಡುವ ಬೆಳಿಗ್ಗೆಯೇ ಒಬ್ಬರ ತೋಟದಲ್ಲಿ ಇಡಿ. ಮೂರು ಪ್ಲಾಸ್ಟಿಕ್ ಡ್ರಮ್ ಸಾಕು. ಕಬ್ಬಿಣದ್ದು ಬೇಡ, ಮೈಲುತುತ್ತ (ಕಾಪರ್ ಸಲ್ಫೇಟ್) ಅದನ್ನು ತಿನ್ನುತ್ತದೆ. ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, ಇನ್ನೊಂದರಲ್ಲಿ 50 ಲೀಟರಿಗೆ 1 ಕೆಜಿ ಸುಣ್ಣ. ಎರಡನ್ನೂ ಒಟ್ಟೊಟ್ಟಿಗೆ ಮೂರನೇ ಡ್ರಮ್ಮಿಗೆ ಸುರಿಯುತ್ತ ಕದಡಬೇಕು. ಆಮೇಲೆ ತಿಕ್ಕಿ ತೊಳೆದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲಲಿಲ್ಲ ಅಂತ ಅರ್ಥ. ಸುಣ್ಣದ ತಿಳಿ ಸೇರಿಸಿ ಮತ್ತೆ ಅದ್ದಿ ನೋಡಿ. ಈ ಚೂರಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಲಿ. ಹೀಗೆ ತಾವೇ ಅದ್ದಿ ನೋಡಿದವರು ಮರೆಯುವುದಿಲ್ಲ. ಮಾಡಿದ ದ್ರಾವಣವನ್ನು ಅದೇ ದಿನ ಹೊಡೆದು ಮುಗಿಸಬೇಕು. ಹಾಗಾಗಿ ಕ್ಲಾಸು ಮುಗಿದ ಕೂಡಲೇ ಕೆಲಸ ಶುರು, ಕೂಲಿಯೂ ಸಿಕ್ಕಿತು. ಎರಡನೇ ಸಿಂಪಡಣೆ 40-45 ದಿನಕ್ಕೆ ಬರುತ್ತದಲ್ಲ, ಎರಡನೇ ಕ್ಲಾಸಿಗೆ ಆ ದಿನವೇ ಸರಿ.

ಇನ್ನೊಂದು ಮಾತು. ಹೇಳಿಕೊಡುವವರು ಅಧಿಕಾರಿಗಳೇ ಆಗಬೇಕಿಲ್ಲ. ಅಂಕೋಲಾದ ತುಳಸಿ ಗೌಡ ಅವರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗೆ ಸೇರಿ ಬೀಜ, ಸಸಿಗಳ ವಿದ್ಯೆ ಕಲಿತರು. ಕೊನೆಗೆ ಪದ್ಮಶ್ರೀ ಬಂತು. ನಿಮ್ಮೂರಿನ ಹಳೇ ಕೊನೆಗೌಡರನ್ನು ಕರೆದು ಮರ ಏರುವುದು, ಕೊನೆ ಇಳಿಸುವುದು, ಮಳೆ ತಾಗದಂತೆ ಕೊನೆಗೆ ಕೊಟ್ಟೆ ಕಟ್ಟುವುದನ್ನು ಅವರಿಂದಲೇ ಹೇಳಿಸಿ. ರೋಗ ಯಾಕೆ ಬರುತ್ತದೆ ಅನ್ನುವುದಕ್ಕೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ಇಪ್ಪತ್ತು-ಇಪ್ಪತ್ತೈದು ಜನರ ಗುಂಪು ಮಾಡಿಕೊಂಡು ಮುಂಚೆಯೇ ಪತ್ರ ಕೊಡಿ. ಗೌರವಧನ ಕೊಡುವುದಾದರೆ ಇಬ್ಬರಿಗೂ ಒಂದೇ ಕೊಡಿ. ಶಾಲು ಹಾಕುವುದಿದ್ದರೆ ಕೊನೆಗೌಡರಿಗೂ ಹಾಕಿ, ಸುಮ್ನೆ ಚಪ್ಪಾಳೆ ತಟ್ಟಿ ಕಳಿಸಬೇಡಿ.

ನೆಲದಲ್ಲಿ ನಿಂತೇ ಕೊನೆ ಇಳಿಸುವ ಉದ್ದ ಕೋಲು, ಅಂದರೆ ಕಾರ್ಬನ್ ಫೈಬರ್ ದೋಟಿ ಕಲಿಸುವುದಿದ್ದರೆ ಮೊದಲು ತೋಟದ ಮೇಲೆ ಹಾದುಹೋದ ಕರೆಂಟ್ ತಂತಿ ತೋರಿಸಿ. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ತಂತಿ ಹತ್ತಿರ ದೋಟಿ ಎತ್ತಲೇಬಾರದು. ಬೇಸಿಗೆಯಲ್ಲಿ ಸೊಪ್ಪು, ದರಕು (ಒಣ ಎಲೆ) ತರಲು ಬೆಟ್ಟಕ್ಕೆ ಹೋಗುವವರಿಗೆ ಮಂಗನ ಕಾಯಿಲೆ, ಅದನ್ನು ಹರಡುವ ಉಣುಗಿನ ವಿಷಯ ಹೇಳಿ. ಆಶಾ ಕಾರ್ಯಕರ್ತೆಯರನ್ನು ಕರೆದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿಯಲ್ಲಿ ಎರಡು ವಿಷಯ ಫೇಲ್. ಗೋವಾಕ್ಕೆ ಹೋಟೆಲ್ ಕೆಲಸಕ್ಕೆ ಹೋಗುತ್ತೇನೆ ಅನ್ನುತ್ತಾನೆ. ದುಡ್ಡಿಲ್ಲದೆ ಕಲಿಯುವ ದಾರಿ ಇದೆಯಾ? (ಅಂಕೋಲಾದಿಂದ ಒಬ್ಬ ತಾಯಿ)

ಉತ್ತರ: ಇದೆ ಅಮ್ಮ. ಮೊದಲು ಆ ಎರಡು ವಿಷಯ ಬರೆಸಿ. ಈಗ ಪರೀಕ್ಷೆ ವರ್ಷಕ್ಕೆ ಒಂದೇ ಸಲ ಅಲ್ಲ, ಪಾಸಾದ ವಿಷಯ ಮತ್ತೆ ಬರೆಯಬೇಕಾಗಿಯೂ ಇಲ್ಲ. ಅವನ ಹಳೇ ಶಾಲೆಯ ಹೆಡ್‌ಮಾಸ್ಟರನ್ನು ಕಂಡರೆ ಅರ್ಜಿ ತುಂಬಿಸಿ ಕೊಡುತ್ತಾರೆ. ಅದೂ ಆಗಲಿಲ್ಲ ಅಂದರೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಅದಕ್ಕೆ ಸ್ವಲ್ಪ ಶುಲ್ಕ ಕಟ್ಟಬೇಕಾಗುತ್ತದೆ.

ವಯಸ್ಸು 18 ತುಂಬಿದ ಮೇಲೆ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ತರಬೇತಿ ಕೇಂದ್ರದಲ್ಲಿ ವಿಚಾರಿಸಿ. ಹಳ್ಳಿ ಹುಡುಗರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುತ್ತಾರೆ. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಈ ಪದ್ಧತಿಯ ಮೂಲ ನಮ್ಮ ಕರಾವಳಿಯೇ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ. ಮುಂದಿನ ಬ್ಯಾಚು ಯಾವುದು, ಯಾವಾಗ ಎಂದು ಫೋನಿನಲ್ಲೇ ಕೇಳಿ, ಆಮೇಲೆ ಬಸ್ಸು ಹತ್ತಿ. 'ಸರ್ಕಾರಿ ಸರ್ಟಿಫಿಕೇಟ್ ಕೊಡಿಸ್ತೇವೆ, ಮೊದಲು ಇಷ್ಟು ಕಟ್ಟಿ' ಅನ್ನುವವರ ಹತ್ತಿರ ಹೋಗಬೇಡಿ.

ಗೋವಾದ ಹೋಟೆಲ್ ಕೆಲಸವನ್ನು ನಾನು ಕೀಳಾಗಿ ನೋಡುವುದಿಲ್ಲ. ಅಲ್ಲಿ ಕಲಿತು ಬಂದು ಇಲ್ಲೇ ಖಾನಾವಳಿ ಇಟ್ಟವರಿದ್ದಾರೆ. ಹತ್ತನೇ ತರಗತಿ ಮುಗಿಸಿ ಹೋದರೆ ಮುಂದೆ ಐಟಿಐ, ಡಿಪ್ಲೊಮಾ ಬಾಗಿಲು ತೆರೆದಿರುತ್ತದೆ, ಅಷ್ಟೇ.

ಪ್ರಶ್ನೆ: ಗೋಕರ್ಣದಲ್ಲಿ ಆಟೋದವರು, ಹೋಮ್‌ಸ್ಟೇ ಹುಡುಗರಿಗೆ ಇಂಗ್ಲಿಷು, ಹಿಂದಿ ಕಲಿಸಬೇಕು ಅಂತಿದ್ದೇವೆ. ಯಾವಾಗ ಶುರು ಮಾಡಲಿ?

ಉತ್ತರ: ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ, ಪ್ರವಾಸಿಗರೂ ಕಮ್ಮಿ. ಬೋಟಿಗೆ ಹೋಗುವ ಹುಡುಗರೂ ಸಿಗುತ್ತಾರೆ. ದೋಣಿ ಕಟ್ಟುವವರು, ಬಲೆ ಹೆಣೆಯುವವರು, ಕ್ಷೌರಿಕರು, ದರ್ಜಿಗಳು ಸಿಕ್ಕರೆ ವಿಶ್ವಕರ್ಮ ಯೋಜನೆಯ ವಿಷಯವನ್ನೂ ತಿಳಿಸಿ. ಆ ಯೋಜನೆಗೆ ಸೇರಿದ 18 ಕಸುಬುಗಳಲ್ಲಿ ಇವೂ ಇವೆ. ಆಟೋ, ಹೋಟೆಲ್ ಕೆಲಸ ಅದರಲ್ಲಿ ಬರುವುದಿಲ್ಲ. ಇಲ್ಲದ ಆಸೆ ಹುಟ್ಟಿಸಬೇಡಿ.

ವ್ಯಾಕರಣ ಬೇಡ. ಬಾಡಿಗೆ ಹೇಳುವುದು, ದಾರಿ ಹೇಳುವುದು, 'ಇಲ್ಲಿ ಸಮುದ್ರಕ್ಕೆ ಇಳಿಯಬೇಡಿ, ಸೆಳೆತ ಇದೆ' ಅನ್ನುವುದು ಬಂದರೆ ಸಾಕು. ಇಂಥ ಇಪ್ಪತ್ತು ವಾಕ್ಯ ಬಾಯಿಗೆ ಬರಲಿ. ನೀರಿನಿಂದ ಎತ್ತಿದವರಿಗೆ ಪ್ರಥಮ ಚಿಕಿತ್ಸೆ ಹೇಗೆ ಅನ್ನುವುದನ್ನೂ ಸೇರಿಸಿ. ಆಟೋದವರಿಗೆ ಸ್ಟ್ಯಾಂಡಿನಲ್ಲೇ ಕಲಿಸಿ. ಪಾಳಿ ಬಂದವರು ಮಧ್ಯದಲ್ಲೇ ಎದ್ದು ಬಾಡಿಗೆಗೆ ಹೋಗಲಿ, ವಾಪಸ್ ಬಂದು ಕೂತುಕೊಳ್ಳುತ್ತಾರೆ.