ನಾಣ್ಯ ಪ್ರಶ್ನೋತ್ತರ: ರಷ್ಯಾದ ತಾಮ್ರದ ಐದು ಕೊಪೆಕ್

ಪ್ರಶ್ನೆ: ನನ್ನ ಅಣ್ಣ ಬರ್ಲಿನ್‌ನಿಂದ 1763ರ ಐದು ಕೊಪೆಕ್ ನಾಣ್ಯವೊಂದನ್ನು ತಂದುಕೊಟ್ಟಿದ್ದಾರೆ. ಹದ್ದಿನ ರೆಕ್ಕೆಯ ಕೆಳಗೆ ಬಾವುಟ ಮತ್ತು ನಗಾರಿಯಂತಹ ಮಸುಕು ಗುರುತುಗಳಿವೆ. ತೂಕ 49 ಗ್ರಾಂ. ಇದು ಖೋಟಾ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಗೆಳೆಯರು ಸಂದೇಹಕ್ಕೆ ಆಧಾರವಾಗಿಸಿಕೊಂಡ ಆ ಗುರುತುಗಳೇ ನಾಣ್ಯದ ಪರವಾದ ಸಾಕ್ಷಿಯಾಗುವ ಸಾಧ್ಯತೆ ಹೆಚ್ಚು. ರಷ್ಯಾದ ಸಾಮ್ರಾಜ್ಞಿ ಎಲಿಜಬೆತ್‌ಳ ಕಾಲದಲ್ಲಿ, 1757ರಿಂದ, ಒಂದು ಪೂದ್ ತಾಮ್ರಕ್ಕೆ, ಅಂದರೆ 16.38 ಕಿಲೋಗ್ರಾಂಗೆ, ಹದಿನಾರು ರೂಬಲ್ (ಒಂದು ರೂಬಲ್‌ಗೆ ನೂರು ಕೊಪೆಕ್) ಮೌಲ್ಯದ ನಾಣ್ಯಗಳನ್ನು ಅಚ್ಚೊತ್ತುತ್ತಿದ್ದರು. 1762ರಲ್ಲಿ ಮೂರನೆಯ ಪೀಟರ್ ಈ ಪ್ರಮಾಣವನ್ನು ಮೂವತ್ತೆರಡು ರೂಬಲ್‌ಗೆ ಏರಿಸಿ, ಹಳೆಯ ಐದು ಕೊಪೆಕ್‌ಗಳ ಮೇಲೆಯೇ ನಗಾರಿ, ಬಾವುಟಗಳ ಚಿತ್ರವಿರುವ ಹತ್ತು ಕೊಪೆಕ್ ಮುದ್ರೆ ಹಾಕಿಸಿದನು. ಅದೇ ವರ್ಷ ಅಧಿಕಾರ ವಹಿಸಿಕೊಂಡ ಎರಡನೆಯ ಕ್ಯಾಥರೀನ್ ಹಳೆಯ ಪ್ರಮಾಣಕ್ಕೇ ಮರಳಿದ್ದರಿಂದ, ಅವೇ ಬಿಲ್ಲೆಗಳು ಮತ್ತೊಮ್ಮೆ ಅಚ್ಚಿನಡಿಗೆ ಸಿಕ್ಕಿ ಐದು ಕೊಪೆಕ್‌ಗಳಾದವು. ಹೀಗೆ ಒಂದೇ ತಾಮ್ರದ ಬಿಲ್ಲೆಯಲ್ಲಿ ಮೂವರ ಆಳ್ವಿಕೆಯ ಗುರುತುಗಳು ಉಳಿದಿರಬಹುದು.

ಆದರೂ ಒಂದೆರಡು ಪರೀಕ್ಷೆಗಳಿಲ್ಲದೆ ನಿಶ್ಚಿಂತರಾಗಬೇಡಿ. ನಿಜವಾದ ಮರುಮುದ್ರೆಯಲ್ಲಿ ಹಳೆಯ ಚಿತ್ರ ಚಪ್ಪಟೆಯಾಗಿ, ಹೊಸ ಚಿತ್ರದ ಅಡಿಯಲ್ಲಿ ಅಡಗಿರುತ್ತದೆ. ಬಿಲ್ಲೆಯನ್ನು ಹೇಗೆಂದರೆ ಹಾಗೆ ಅಚ್ಚಿಗೆ ಇಡುತ್ತಿದ್ದುದರಿಂದ ಅದು ಯಾವ ಕೋನಕ್ಕಾದರೂ ತಿರುಗಿರಬಹುದು. ಎರಕದ ನಕಲಿನಲ್ಲಾದರೋ ಎರಡೂ ಚಿತ್ರಗಳು ಸಮಾನವಾಗಿ ಮೊಂಡಾಗಿರುತ್ತವೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿರುತ್ತವೆ. ಅಂಚಿನ ಜಾಲರಿ ವಿನ್ಯಾಸವನ್ನು ಭೂತಗನ್ನಡಿಯಲ್ಲಿ ಸುತ್ತಲೂ ನೋಡಿ. ಅಲ್ಲಿ ಜೋಡಣೆಯ ಗೆರೆಯಾಗಲಿ ಅರದಿಂದ ಉಜ್ಜಿದ ಗುರುತಾಗಲಿ ಕಂಡರೆ ಎರಕವೆಂದೇ ತಿಳಿಯಿರಿ. ಹರಾಜಿನ ಚಿತ್ರಗಳಲ್ಲಿ ನಿಮ್ಮದರಂತೆಯೇ, ಅದೇ ಜಾಗದಲ್ಲಿ ಅದೇ ಮಸುಕು ಬಾವುಟವಿರುವ ಇನ್ನೊಂದು ನಾಣ್ಯ ಸಿಕ್ಕರೆ, ಎರಡರಲ್ಲಿ ಒಂದಾದರೂ ನಕಲು, ಏಕೆಂದರೆ ಮರುಮುದ್ರೆಯ ಆಕಸ್ಮಿಕ ಎರಡು ಸಲ ಒಂದೇ ರೀತಿ ನಡೆಯುವುದಿಲ್ಲ.

ತೂಕದ ಬಗ್ಗೆ ಚಿಂತೆ ಬೇಡ. ನಿಗದಿತ ತೂಕ 51.2 ಗ್ರಾಂ ಆದರೂ, ಲೆಕ್ಕ ಪೂದ್‌ನ ಮೇಲೆ ನಡೆಯುತ್ತಿತ್ತೇ ಹೊರತು ಒಂದೊಂದು ನಾಣ್ಯದ ಮೇಲಲ್ಲ. ನಾಲ್ಕೈದು ಗ್ರಾಂ ಏರುಪೇರು ಸಹಜ. ಸಾಂದ್ರತೆ ನೋಡುವುದು ಹೆಚ್ಚು ಉಪಯುಕ್ತ. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನಲ್ಲಿ ಮುಳುಗಿಸಿ. ತಾಮ್ರವಾಗಿದ್ದರೆ ತಕ್ಕಡಿ ಸುಮಾರು 5.5 ಗ್ರಾಂ ತೋರಿಸಬೇಕು, ಏಕೆಂದರೆ 49ನ್ನು 5.5ರಿಂದ ಭಾಗಿಸಿದರೆ ತಾಮ್ರದ ಸಾಂದ್ರತೆಯಾದ 8.9 ಬರುತ್ತದೆ. ತಾಮ್ರದಿಂದಲೇ ಮಾಡಿದ ನಕಲನ್ನು ಈ ಪರೀಕ್ಷೆ ಹಿಡಿಯುವುದಿಲ್ಲ ಎಂಬುದು ನೆನಪಿರಲಿ.

ಪ್ರಶ್ನೆ: 1787ರ ಐದು ಕೊಪೆಕ್ ಒಂದನ್ನು ವ್ಯಾಪಾರಿಯೊಬ್ಬರು ‘ಸ್ವೀಡನ್ನಿನ ಖೋಟಾ’ ಎಂದು ಹೇಳಿ, ಅಸಲಿಗಿಂತ ಹೆಚ್ಚಿನ ಬೆಲೆ ಕೇಳುತ್ತಿದ್ದಾರೆ. ಇದು ವಂಚನೆಯಲ್ಲವೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡಿಕೆಯಲ್ಲಿ ಅಸಂಗತವೇನೂ ಇಲ್ಲ. 1788ರಿಂದ 1790ರವರೆಗೆ ರಷ್ಯಾದೊಡನೆ ಯುದ್ಧ ನಡೆಸಿದ ಸ್ವೀಡನ್ನಿನ ದೊರೆ ಮೂರನೆಯ ಗುಸ್ತಾವ್, ತನ್ನ ದೇಶದ ಅವೆಸ್ಟಾ ಊರಿನ ಟಂಕಸಾಲೆಯಲ್ಲಿ, ರಷ್ಯಾದ ಎಕಟೆರಿನ್‌ಬರ್ಗ್ ಟಂಕಸಾಲೆಯ ಗುರುತೂ ಸೇರಿದಂತೆ ರಷ್ಯಾದ ಐದು ಕೊಪೆಕ್‌ಗಳನ್ನು ಅಚ್ಚೊತ್ತಿಸಿದನು. ಅಚ್ಚು ಕೊರೆದವರ ಕೈ ತಪ್ಪಿದ್ದು ಕಿರೀಟದಲ್ಲಿ: ರಷ್ಯಾದ ಸಾಮ್ರಾಜ್ಯ ಕಿರೀಟ ನಡುವೆ ಸೀಳಿದ ಎರಡು ಅರ್ಧಗೋಳಗಳಂತಿದ್ದರೆ, ಇವುಗಳಲ್ಲಿ ಯುರೋಪಿನ ಅರಸರು ಧರಿಸುವ ಬಗೆಯ ಕಿರೀಟವಿದೆ. ಸರ್ಕಾರವೇ ಮಾಡಿಸಿದ, ಯುದ್ಧಕಾಲದ ಖೋಟಾ ಆದ್ದರಿಂದ ಸಂಗ್ರಾಹಕರು ಹೆಚ್ಚು ಹಣ ಕೊಡುತ್ತಾರೆ. ಆದರೆ ಬೆಲೆ ಏರಿದಲ್ಲಿ ಈ ಖೋಟಾದ ಖೋಟಾವೂ ಹುಟ್ಟಬಹುದು. ಮೇಲಿನ ಅಂಚಿನ ಪರೀಕ್ಷೆಯನ್ನು ಇದಕ್ಕೂ ಅನ್ವಯಿಸಿ. ಕಿರೀಟದ ಸ್ಪಷ್ಟ ಚಿತ್ರ ಕಳಿಸಲು ಒಪ್ಪದ ವ್ಯಾಪಾರಿಯಿಂದ ಕೊಳ್ಳದಿರುವುದೇ ಲೇಸು.

ಪ್ರಶ್ನೆ: ಕಿಲುಬು ಹಿಡಿದ ಇಂತಹ ನಾಣ್ಯವನ್ನು ಹುಣಸೆಹಣ್ಣಿನಿಂದ ತೊಳೆಯಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಬೇಡ. ಹುಣಸೆಯ ಆಮ್ಲ ಕಿಲುಬಿನ ಜೊತೆಗೆ ಶತಮಾನಗಳ ಕಂದು ಪೊರೆಯನ್ನೂ ಕಿತ್ತುಹಾಕುತ್ತದೆ. ಹೊಳೆಯುವ ಹಳೆಯ ತಾಮ್ರ ನಾಣ್ಯದ ಬೆಲೆ ಬಹಳಷ್ಟು ಇಳಿಯುತ್ತದೆ, ಅದರ ಅಸಲಿತನವನ್ನು ಗುರುತಿಸುವುದೂ ಕಷ್ಟವಾಗುತ್ತದೆ. ಗಟ್ಟಿಯಾದ ಹಸಿರು ಪದರ ಅಪಾಯಕಾರಿಯಲ್ಲ. ಮುಟ್ಟಿದರೆ ಪುಡಿಯಾಗುವ ತಿಳಿಹಸಿರು ಚುಕ್ಕೆಗಳಿದ್ದರೆ ಮಾತ್ರ ಆ ನಾಣ್ಯವನ್ನು ಉಳಿದವುಗಳಿಂದ ಬೇರ್ಪಡಿಸಿ, ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿಟ್ಟು, ನೀರನ್ನು ಆಗಾಗ ಬದಲಿಸಿ, ಪೂರ್ತಿ ಒಣಗಿಸಿದ ನಂತರ ತೇವವಿಲ್ಲದ ಕಡೆ ಇಡಿ.