ಚೆಕ್ ಎಂಜಿನ್ ಲೈಟ್ ಬಂದ ಮೇಡಂಗೆ: ಕೋಡ್ ಅಳಿಸಬೇಡಿ, ಸುಮ್ನೆ ಸೆನ್ಸರ್ ಕೊಳ್ಳಲೂ ಬೇಡಿ

ಮೇಡಂ, ದಯವಿಟ್ಟು ಬ್ಯಾಟರಿ ಟರ್ಮಿನಲ್ ಇನ್ನೊಂದು ಸಲ ಬಿಚ್ಚಬೇಡಿ. ಯಾರು ಹೇಳಿದರೂ ಬೇಡ.

ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ಐದು ತಿಂಗಳ ಟರ್ಬೊ ಪೆಟ್ರೋಲ್ ಗಾಡಿ. ಚೆಕ್ ಎಂಜಿನ್ ಲೈಟ್ ಬಂತು, ಸರ್ವಿಸ್ ಸೆಂಟರ್‌ನವರು ಗಾಡಿಯ ಕಂಪ್ಯೂಟರ್ ಬರೆದಿಟ್ಟಿದ್ದ ತಪ್ಪಿನ ಕೋಡ್ ಅಳಿಸಿ ಕಳಿಸಿದರು, ಮತ್ತೆ ಬಂತು. ಪಕ್ಕದ ಮನೆಯವರು ಡಾಂಗಲ್ (ಗಾಡಿಯ ಪೋರ್ಟ್‌ಗೆ ಚುಚ್ಚಿ ಫೋನಿನಲ್ಲಿ ಕೋಡ್ ಓದುವ ಸಾಧನ) ಹಾಕಿ ನೋಡಿದಾಗ ಪಿ0171 ತೋರಿಸಿತು. ಆಮೇಲೆ ಅವರೇ ಟರ್ಮಿನಲ್ ಬಿಚ್ಚಿ ಹಾಕಿದರು, ಲೈಟ್ ಹೋಯಿತು. ಈಗ ಈ ಗುಂಪಿನಲ್ಲಿ ಅರ್ಧ ಜನ ‘ಓ2 ಸೆನ್ಸರ್ (ಹೊಗೆಯಲ್ಲಿ ಆಕ್ಸಿಜನ್ ಅಳೆಯುವುದು) ಹೋಗಿದೆ, ಆನ್‌ಲೈನ್‌ನಲ್ಲಿ ತರಿಸಿ ಹಾಕಿ’ ಅನ್ನುತ್ತಿದ್ದಾರೆ. ನಾಳೆ ಗಾಡಿ ಸರ್ವಿಸ್‌ಗೆ ಬಿಡುತ್ತೇನೆ ಅಂತ ನೀವು ಬರೆದಿದ್ದೀರಿ.

ಪಿಕಪ್ ಸರಿ ಇದೆ, ಲೈಟ್ ಮಿಟುಕುತ್ತಿಲ್ಲ ಅಂದರೆ ನಾಳೆ ಬಿಡಬೇಡಿ. ಬಿಟ್ಟರೆ ಅವರಿಗೆ ಏನೂ ಸಿಗುವುದಿಲ್ಲ. ಟರ್ಮಿನಲ್ ಬಿಚ್ಚಿದಾಗ ಹೋಗಿದ್ದು ಲೈಟ್ ಒಂದೇ ಅಲ್ಲ. ತಪ್ಪು ಸಿಕ್ಕಿದ ಕ್ಷಣದಲ್ಲಿ ಗಾಡಿಯ ಸ್ಪೀಡ್ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಎಂಜಿನ್ ಎಷ್ಟು ಬಿಸಿಯಾಗಿತ್ತು, ಲೋಡ್ ಎಷ್ಟು ಅಂತ ಎಂಜಿನ್ ಕಂಪ್ಯೂಟರ್ ಇಸಿಯು ಬರೆದಿಟ್ಟುಕೊಂಡಿರುತ್ತದೆ. ಅದೇ ಫ್ರೀಜ್ ಫ್ರೇಮ್. ಕೋಡ್ ಅಳಿಸಿದರೆ ಅದೂ ಅಳಿಸಿ ಹೋಗುತ್ತದೆ. ಇಷ್ಟು ದಿನ ಕಲಿತಿದ್ದ ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿಕೊಳ್ಳುವ ತಿದ್ದುಪಡಿ) ಸೊನ್ನೆಗೆ ಬರುತ್ತದೆ, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ರೆಡಿನೆಸ್ ಮಾನಿಟರ್‌ಗಳೆಲ್ಲ ಮತ್ತೆ ಮೊದಲಿಂದ ಶುರು. ಕೆಲವು ಗಾಡಿಯಲ್ಲಿ ಬ್ಯಾಟರಿ ಬಿಚ್ಚಿದರೂ ಕೋಡ್ ಉಳಿದಿರುತ್ತದೆ, ಅದು ನಿಮ್ಮ ಅದೃಷ್ಟ. ಉಳಿದಿಲ್ಲ ಅಂದರೆ ಸರ್ವಿಸ್ ಸೆಂಟರ್ ಹುಡುಗ ಸ್ಕ್ಯಾನರ್ ಹಾಕುತ್ತಾನೆ, ‘ನೋ ಕೋಡ್’ ಬರುತ್ತದೆ, ಗಾಡಿ ತೊಳೆದು ವಾಪಸ್ ಕೊಡುತ್ತಾರೆ.

ಪಿ0171 ಅಂದರೆ ಮಿಕ್ಸ್ಚರ್ ಲೀನ್, ಗಾಳಿ ಜಾಸ್ತಿ ಅಥವಾ ಪೆಟ್ರೋಲ್ ಕಡಿಮೆ. ಅದನ್ನು ಕಂಡು ಹೇಳಿದ್ದೇ ಓ2 ಸೆನ್ಸರ್. ಹೇಳಿದವನನ್ನೇ ಬದಲಾಯಿಸಿ ಏನು ಪ್ರಯೋಜನ? ಸೆನ್ಸರ್‌ನ ಹೀಟರ್ ಹೋಗಿದ್ದರೆ ಪಿ0135 ಥರದ ಬೇರೆ ಕೋಡ್ ಬರುತ್ತದೆ. ನೀವು ನೋಡಬೇಕಾದ್ದು ಫ್ಯೂಯಲ್ ಟ್ರಿಮ್. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಾಗ) ಟ್ರಿಮ್ ಶೇಕಡಾ +10ಕ್ಕಿಂತ ಮೇಲಿದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಇಳಿದು ಬಂದರೆ ಇನ್‌ಟೇಕ್ (ಎಂಜಿನ್‌ಗೆ ಗಾಳಿ ಹೋಗುವ ದಾರಿ) ಕಡೆ ಎಲ್ಲೋ ಗಾಳಿ ಎಳೆಯುತ್ತಿದೆ. ಬಿರುಕು ಬಿಟ್ಟ ಹೋಸ್, ಸರಿಯಾಗಿ ಕೂರದ ಪಿಸಿವಿ ಪೈಪ್ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ತರುವುದು), ಸಡಿಲವಾದ ಕ್ಲಿಪ್ ನೋಡಿ. ಐಡಲ್‌ನಲ್ಲಿ ಸರಿ ಇದ್ದು ಲೋಡ್ ಬಿದ್ದಾಗ ಏರಿದರೆ ಫ್ಯೂಯಲ್ ಪ್ರೆಶರ್ ಅಥವಾ ಗಾಳಿ ಅಳೆಯುವ ಸೆನ್ಸರ್ ಕಡೆ ಗಮನ ಕೊಡಿ. ಹೊಸ ಗಾಡಿಯಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಕ್ಲಿಪ್ ಮತ್ತು ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಮೇಲೆ. ಐದು ತಿಂಗಳಿಗೆ ಸೆನ್ಸರ್ ಹಾಳಾಗುವುದೇ ಇಲ್ಲ ಅಂತಲ್ಲ, ಆಗುತ್ತದೆ. ಆದರೆ ವೈರ್ ನೋಡದೆ ಸೆನ್ಸರ್‌ಗೆ ಕೈ ಹಾಕುವುದು ತಪ್ಪು.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ನನ್ನ ಹಿಂದಿನ ಗಾಡಿಯಲ್ಲಿ ನಡೆದಿದ್ದೂ ಇದೇ. ಲೈಟ್ ಬರುತ್ತಿತ್ತು, ನಾನು ಟರ್ಮಿನಲ್ ಬಿಚ್ಚುತ್ತಿದ್ದೆ. ಸರ್ವಿಸ್ ಸೆಂಟರ್‌ಗೆ ಕೊಟ್ಟರೆ ಅವರೂ ಅಳಿಸುತ್ತಿದ್ದರು. ಪ್ರತಿ ಸಲ ಜಾಬ್ ಕಾರ್ಡಿನಲ್ಲಿ ಅದೇ ಮಾತು, ‘ಚೆಕ್ ಮಾಡಲಾಗಿದೆ, ಓಕೆ’. ಕೊನೆಗೆ ವಾರಂಟಿಯಲ್ಲಿ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಹೊಸದು ಹಾಕಿದರು. ಕೆಲವು ದಿನ ಸುಮ್ಮನಿತ್ತು, ಮತ್ತೆ ಶುರುವಾಯಿತು. ಬನಶಂಕರಿ ಕಡೆಯ ಹಂಪ್‌ಗಳ ಮೇಲೆ ಹೋದಾಗ ಜಾಸ್ತಿ.

ಕೊನೆಗೆ ತಪ್ಪು ಸಿಕ್ಕಿದ್ದು ಒಬ್ಬ ವಯಸ್ಸಾದ ಆಟೊ ಎಲೆಕ್ಟ್ರಿಷಿಯನ್ ಕೈಯಲ್ಲಿ. ಅವರು ಕೋಡ್ ನೋಡಿದರು, ಪಿ0113, ಅಂದರೆ ಒಳಗೆ ಹೋಗುವ ಗಾಳಿಯ ಬಿಸಿ ಅಳೆಯುವ ಸೆನ್ಸರ್‌ನ ಲೈನ್‌ನಲ್ಲಿ ತಪ್ಪು. ಅಳಿಸಲಿಲ್ಲ. ಲೈವ್ ಡೇಟಾದಲ್ಲಿ ಇನ್‌ಟೇಕ್ ಏರ್ ಟೆಂಪರೇಚರ್ ಒಂದನ್ನೇ ಸ್ಕ್ರೀನ್ ಮೇಲೆ ಇಟ್ಟರು, 38 ಡಿಗ್ರಿ ತೋರಿಸುತ್ತಿತ್ತು. ಫೋನ್ ನನ್ನ ಕೈಗೆ ಕೊಟ್ಟು, ‘ನಂಬರ್ ಮೇಲೆ ಕಣ್ಣಿಡಿ ಸಾರ್’ ಅಂದು, ಏರ್ ಫಿಲ್ಟರ್ ಬಾಕ್ಸ್ ಹತ್ತಿರದಿಂದ ವೈರಿಂಗ್ ಕಿಟ್ (ವೈರ್‌ಗಳ ಕಟ್ಟು) ಅನ್ನು ಗೇಣು ಗೇಣಾಗಿ ಮೆಲ್ಲಗೆ ಅಲ್ಲಾಡಿಸುತ್ತಾ ಬಂದರು. ಕಪ್ಲರ್‌ನ ಹಿಂದೆ ಕೈ ಬಂದಾಗ 38 ಹೋಗಿ ಮೈನಸ್ 40 ಆಯಿತು. ಕೈ ಬಿಟ್ಟರು, ಮತ್ತೆ 38. ಬೆಂಗಳೂರಲ್ಲಿ ಮೈನಸ್ 40 ಎಂದೂ ಇರುವುದಿಲ್ಲ. ಈ ಸೆನ್ಸರ್ ತಣ್ಣಗಾದಷ್ಟೂ ರೆಸಿಸ್ಟೆನ್ಸ್ ಜಾಸ್ತಿ. ವೈರ್ ಕಡಿದರೆ ಇಸಿಯುಗೆ ಅದು ಭಯಂಕರ ಚಳಿ ಥರ ಕಾಣುತ್ತದೆ. ಹಾಗಾಗಿ ಟೆಂಪರೇಚರ್ ಮೈನಸ್ 40 ತೋರಿಸಿದರೆ ಮೊದಲು ವೈರ್, ಕಪ್ಲರ್ ನೋಡಿ.

ಕಪ್ಲರ್ ಬಿಚ್ಚಿ ಟಾರ್ಚ್ ಹಾಕಿದರೆ ಒಳಗಿನ ಒಂದು ಪಿನ್ ಉಳಿದವಕ್ಕಿಂತ ಒಂದಿಷ್ಟು ಹಿಂದೆ ಜಾರಿತ್ತು. ಹೊರಗಿಂದ ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ, ಲಾಕ್ ಸರಿಯಾಗೇ ಕೂತಿರುತ್ತದೆ. ಪಿನ್ ಮುಂದೆ ತಳ್ಳಿ ಲಾಕ್ ಮಾಡಿದರು. ಗಾಡಿ ಮಾರುವ ತನಕ ಆ ಲೈಟ್ ಬರಲಿಲ್ಲ. ಅವರು ಹೇಳಿಕೊಟ್ಟ ಈ ಅಲ್ಲಾಡಿಸಿ ನೋಡುವ ಪರೀಕ್ಷೆ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಅಸ್ತ್ರ. ಎಂಜಿನ್ ಓಡುವಾಗ ಮಾಡುವುದಾದರೆ ಫ್ಯಾನ್, ಬೆಲ್ಟ್, ಎಕ್ಸಾಸ್ಟ್ ಹತ್ತಿರ ಕೈ ಹಾಕಬೇಡಿ. ವೇಲ್, ಸಡಿಲ ತೋಳು ಇದ್ದರೆ ಮೊದಲೇ ಕಟ್ಟಿಕೊಳ್ಳಿ. ಏರ್‌ಬ್ಯಾಗ್‌ನ ಹಳದಿ ಕಪ್ಲರ್‌ಗಳನ್ನು ಮುಟ್ಟಲೇಬೇಡಿ. ವೈರ್ ಸುಲಿಯುವುದು, ಸೂಜಿ ಚುಚ್ಚಿ ವೋಲ್ಟ್ ನೋಡುವುದು ಕೂಡ ಬೇಡ, ಗಾಡಿ ವಾರಂಟಿಯಲ್ಲಿದೆ.

ಎರಡು ಮೂರು ಸೆನ್ಸರ್‌ಗಳ ಕೋಡ್ ಒಟ್ಟಿಗೆ ಬಂದರೆ ಎಲ್ಲವನ್ನೂ ಬದಲಾಯಿಸಲು ಒಪ್ಪಬೇಡಿ. ಹಲವು ಸೆನ್ಸರ್‌ಗಳಿಗೆ ಒಂದೇ 5 ವೋಲ್ಟ್ ಲೈನ್ ಹಂಚಿ ಹೋಗಿರುತ್ತದೆ. ಒಂದು ಶಾರ್ಟ್ ಆದರೆ ಉಳಿದವೂ ತಪ್ಪು ಹೇಳುತ್ತವೆ. ಅರ್ತಿಂಗ್ ಸಡಿಲ ಇದ್ದರೂ ಇದೇ ಗೋಳು. ಬ್ಯಾಟರಿ ವೀಕ್ ಆದರೂ ಅಷ್ಟೇ, ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು.

ಈಗ ನೀವು ಮಾಡಬೇಕಾದ್ದು. ಮಾಮೂಲಿನಂತೆ ಓಡಿಸಿ. ಪಿ0171 ಥರದ ತಪ್ಪು ಒಂದು ಡ್ರೈವ್ ಸೈಕಲ್‌ನಲ್ಲಿ (ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡುವ ಒಂದು ಸುತ್ತು) ಕಂಡರೆ ಇಸಿಯು ಅದನ್ನು ಪೆಂಡಿಂಗ್ ಅಂತ ಇಟ್ಟುಕೊಳ್ಳುತ್ತದೆ, ಮುಂದಿನದರಲ್ಲೂ ಕಂಡರೆ ಲೈಟ್ ಹಾಕುತ್ತದೆ. ಅಂದರೆ ಲೈಟ್ ಬರುವ ಮೊದಲೇ ಡಾಂಗಲ್‌ನಲ್ಲಿ ಪೆಂಡಿಂಗ್ ಕೋಡ್ ಸಿಗಬಹುದು, ದಿನಾ ಸಂಜೆ ನೋಡಿ. ಬಂದ ತಕ್ಷಣ ಫ್ರೀಜ್ ಫ್ರೇಮ್ ಸ್ಕ್ರೀನ್‌ಶಾಟ್ ತೆಗೆಯಿರಿ. ಮೀಟರ್ ಫೋಟೊ ತೆಗೆಯಿರಿ, ಲೈಟ್ ಮತ್ತು ಕಿಲೋಮೀಟರ್ ಎರಡೂ ಕಾಣಬೇಕು. ಎಸಿ ಹಾಕಿತ್ತಾ, ಆಗ ತಾನೇ ಪೆಟ್ರೋಲ್ ಹಾಕಿಸಿದ್ದಿರಾ, ಮಳೆ ಇತ್ತಾ, ಬರೆದಿಡಿ. ಆಮೇಲೆ ಗಾಡಿ ಬಿಡಿ.

ಬಿಡುವಾಗ ಅಡ್ವೈಸರ್ ‘ಎಂಜಿನ್ ಲೈಟ್ ಕಂಪ್ಲೇಂಟ್’ ಅಂತ ಒಂದು ಸಾಲು ಗೀಚಿದರೆ ಸಹಿ ಹಾಕಬೇಡಿ. ಕೋಡ್ ನಂಬರ್, ಯಾವಾಗ ಬರುತ್ತದೆ, ಎಷ್ಟನೇ ಸಲ, ಎಲ್ಲ ಜಾಬ್ ಕಾರ್ಡಿನಲ್ಲಿ ಇರಲಿ. ‘ನನ್ನನ್ನು ಕೇಳದೆ ಕೋಡ್ ಅಳಿಸಬಾರದು, ಸ್ಕ್ಯಾನ್ ರಿಪೋರ್ಟ್ ಪ್ರಿಂಟ್ ಬೇಕು’ ಅಂತಲೂ ಬರೆಸಿ. ಚಾಸಿ ನಂಬರ್ ಹಾಕಿ ರೀಕಾಲ್ ಅಥವಾ ಸಾಫ್ಟ್‌ವೇರ್ ಅಪ್‌ಡೇಟ್ ಇದೆಯಾ ಅಂತ ನೋಡಿಸಿ, ಕೆಲವು ಸಲ ರಿಪೇರಿ ಅಲ್ಲೇ ಇರುತ್ತದೆ. ಜಾಬ್ ಕಾರ್ಡ್ ಒಂದನ್ನೂ ಬಿಸಾಡಬೇಡಿ. ಪದೇ ಪದೇ ಹೀಗೇ ಆದರೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಅಲ್ಲಿ ನಿಮ್ಮ ಮಾತಿಗಿಂತ ಆ ಕಾಗದಗಳಿಗೆ ಬೆಲೆ ಜಾಸ್ತಿ.

ಕಾಯಬಾರದ ಲೈಟ್‌ಗಳೂ ಇವೆ. ಚೆಕ್ ಎಂಜಿನ್ ಮಿಟುಕಿದರೆ ಮಿಸ್‌ಫೈರ್, ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ. ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ, ಟೋ ಮಾಡಿಸಿ. ಕೆಂಪು ಆಯಿಲ್ ಲೈಟ್, ಕೆಂಪು ಟೆಂಪರೇಚರ್ ಲೈಟ್ ಬಂದರೆ ಸಿಲ್ಕ್ ಬೋರ್ಡ್ ಫ್ಲೈಓವರ್ ಮೇಲಿದ್ದರೂ ಅಂಚಿಗೆ ತಂದು ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಹಜಾರ್ಡ್ ಹಾಕಿ. ‘ಮನೆ ಹತ್ತಿರವೇ ಇದೆ’ ಅಂತ ಓಡಿಸಿ ಎಂಜಿನ್ ಕಳೆದುಕೊಂಡವರು ಈ ಗುಂಪಿನಲ್ಲೇ ಇದ್ದಾರೆ.

ನೀವು ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ನಿಲ್ಲಿಸುವುದು ಅಲ್ವಾ? ಬಾನೆಟ್ ತೆಗೆದು ಇಲಿ ಹಿಕ್ಕೆ, ಕಚ್ಚಿದ ವೈರ್ ಇದೆಯಾ ನೋಡಿ. ಇಲಿ ಬರದಿರಲಿ ಅಂತ ಹೊಗೆಸೊಪ್ಪು ಕಟ್ಟಿದ ಬಟ್ಟೆ ಗಂಟು ಎಂಜಿನ್ ಮೇಲೆ ಇಡುವ ಅಭ್ಯಾಸ ನಿಲ್ಲಿಸಬೇಕು. ಜಾರಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ. ಕೆಳಗಡೆ ಸ್ಟೀಲ್ ಮೆಶ್ ಹಾಕಿಸಿ, ಆದರೆ ಅದಕ್ಕೆ ಗಾಡಿಯಲ್ಲಿ ತೂತು ಕೊರೆಯಲು ಬಿಡಬೇಡಿ. ಜೆ.ಸಿ. ರಸ್ತೆಯಲ್ಲಿ ಆಕ್ಸೆಸರಿ ಹಾಕಿಸಿದ್ದರೆ ಅದನ್ನೂ ಹೇಳಿ. ಡ್ಯಾಶ್‌ಕ್ಯಾಮ್ ಆಗಲಿ ಫಾಗ್ ಲ್ಯಾಂಪ್ ಆಗಲಿ ಕಪ್ಲರ್‌ಗೆ ಕಪ್ಲರ್ ಕೂರಬೇಕು. ವೈರ್ ಕತ್ತರಿಸಿ ಟೇಪ್ ಸುತ್ತಿದ್ದರೆ ಆ ಭಾಗಕ್ಕೆ ವಾರಂಟಿ ಇಲ್ಲ ಅನ್ನಲು ಕಂಪನಿಯವರಿಗೆ ನೆಪ ಸಿಕ್ಕ ಹಾಗೆ. ವಾಟರ್ ವಾಶ್‌ನವರಿಗೆ ಎಂಜಿನ್ ಮೇಲೆ ಪ್ರೆಶರ್ ಗನ್ ಹಿಡಿಯಬೇಡಿ ಅಂತ ಮೊದಲೇ ಹೇಳಿ.

ಡಾಂಗಲ್ ತೆಗೆದುಕೊಳ್ಳುವುದಾದರೆ ತೀರಾ ಅಗ್ಗದ, ಇಎಲ್‌ಎಂ327 ಚಿಪ್‌ನ ನಕಲು ಇರುವುದು ಬೇಡ, ಅರ್ಧ ಡೇಟಾ ತೋರಿಸುವುದೇ ಇಲ್ಲ. ನನಗೆ ವೀಗೇಟ್ ಕಂಪನಿಯ ಡಾಂಗಲ್ ಚೆನ್ನಾಗಿ ಕೆಲಸ ಕೊಟ್ಟಿದೆ, ಆ್ಯಪ್ ಕಾರ್ ಸ್ಕ್ಯಾನರ್. ಕೆಲಸ ಆದ ಮೇಲೆ ತೆಗೆದಿಡಿ, ಪೋರ್ಟ್‌ನಲ್ಲೇ ಬಿಟ್ಟರೆ ಬ್ಯಾಟರಿ ಇಳಿಯಬಹುದು. ಸೆನ್ಸರ್ ನಿಜವಾಗಿ ಹೋಗಿದ್ದರೆ ವಾರಂಟಿಯಲ್ಲೇ ಹಾಕಿಸಿ. ವಾರಂಟಿ ಮುಗಿದವರು ಬಾಷ್, ಡೆನ್ಸೊ, ಎನ್‌ಟಿಕೆ ಪೈಕಿ ನಿಮ್ಮ ಗಾಡಿಗೆ ಕಂಪನಿಯಿಂದ ಯಾವುದು ಬಂದಿತ್ತೋ ಅದನ್ನೇ ಬಿಲ್ ಸಮೇತ ಕೊಳ್ಳಿ.

ಮೇಲೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಬಗ್ಗೆ ಕೇಳಿದ ಡೀಸೆಲ್ ಗಾಡಿಯವರಿಗೆ: ನಿಮ್ಮದು ಸೆನ್ಸರ್ ಸಮಸ್ಯೆ ಇರಲಿಕ್ಕಿಲ್ಲ. ದಿನಾ ಟ್ರಾಫಿಕ್‌ನಲ್ಲೇ ನಾಲ್ಕು ಕಿಲೋಮೀಟರ್ ಓಡಿಸಿದರೆ ಮಸಿ ಸುಡುವಷ್ಟು ಎಕ್ಸಾಸ್ಟ್ ಬಿಸಿಯಾಗುವುದಿಲ್ಲ, ಅದಕ್ಕೆ 600 ಡಿಗ್ರಿ ಹತ್ತಿರ ಬೇಕು. ಹಳದಿ ಲೈಟ್ ಇರುವಾಗಲೇ ನೈಸ್ ರಸ್ತೆಗೆ ಹೋಗಿ, 2,000 ಆರ್‌ಪಿಎಂಗಿಂತ ಕೆಳಗೆ ಇಳಿಯಲು ಬಿಡದೆ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿ. ಎಷ್ಟು ಸ್ಪೀಡ್ ಅಂತ ಮ್ಯಾನುಯಲ್‌ನಲ್ಲಿ ನೋಡಿ. ಮಧ್ಯೆ ಆಫ್ ಮಾಡಬೇಡಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಲೆವೆಲ್ ಏರಿದ್ದರೆ ಡೀಸೆಲ್ ಸೇರಿದೆ ಅಂತ, ಆಯಿಲ್ ಬದಲಾಯಿಸಿ.

ಮೇಡಂ, ಪೆಂಡಿಂಗ್ ಕೋಡ್ ಬಂದಾಗ ಐಡಲ್ ಟ್ರಿಮ್ ಮತ್ತು 2,500 ಆರ್‌ಪಿಎಂ ಟ್ರಿಮ್ ಎರಡರ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ. ಪಕ್ಕದ ಮನೆಯವರ ಡಾಂಗಲ್ ಟ್ರಿಮ್ ತೋರಿಸದಿದ್ದರೆ ಹೇಳಿ. ನಾನು ಭಾನುವಾರ ಜಯನಗರದಲ್ಲಿರುತ್ತೇನೆ, ನನ್ನದು ತಂದು ಕೊಡುತ್ತೇನೆ.